ಕ್ರಮಸಂಖ್ಯೆ ಇನ್ನೂರ ಹನ್ನೆರಡು

ಮಾರ್ಚ್ 2, ಮಧ್ಯಾಹ್ನ

ಮತ್ತೆ ವಿಶ್ವವಿದ್ಯಾಲಯದ ಹಾಲ್ ಅಳತೆ. ಘಟಿಕೋತ್ಸವಕ್ಕೆ ಹತ್ತೊಂಬತ್ತು ದಿನ. ಟೇಪಿನ ಇನ್ನೊಂದು ತುದಿ ಹಿಡಿಯಲು ಹೆಂಡತಿ ಬಂದಿದ್ದಳು, ಬೈದುಕೊಂಡೇ. "ಹನ್ನೊಂದು ವರ್ಷದಿಂದ ಅಳೀತಿದ್ದೀರಿ. ಹಾಲ್ ಏನು ವರ್ಷಕ್ಕೊಂದಡಿ ಬೆಳೆಯತ್ತಾ?" ಬೆಳೆಯುವುದಿಲ್ಲ. ಆದರೆ ಬಲ್ಬು ಬದಲಾಗಿರುತ್ತದೆ, ಪರದೆ ಬದಲಾಗಿರುತ್ತದೆ. ಹೋದ ವರ್ಷ ಹೇಳದೆ ಕೇಳದೆ ಒಂದು ಸ್ಪೀಕರ್ ತಂದು ನಿಲ್ಲಿಸಿ ಫೋಟೋದಲ್ಲಿ ನಲವತ್ತು ಮಕ್ಕಳ ಅರ್ಧ ಮುಖ ತಿಂದುಹಾಕಿದ್ದರು.

ಟ್ರೈಪಾಡ್‌ನಿಂದ ಕೈಕುಲುಕುವ ಜಾಗಕ್ಕೆ ಮೂವತ್ತೊಂದು ಅಡಿ. ಮೇಲಿನ ಬೆಳಕು ಹಳದಿ, ಕಿಟಕಿಯದು ನೀಲಿ. ಎರಡು ಫ್ಲ್ಯಾಶ್ ಬೇಕೇ ಬೇಕು.

ಈ ಸಲ ಮೆಟ್ಟಿಲನ್ನೂ ಎಣಿಸಿದೆ. ಹತ್ತು ವರ್ಷ ಎಣಿಸಿರಲಿಲ್ಲ. ಹತ್ತಲು ಎಡಕ್ಕೆ ಒಂಬತ್ತು, ಇಳಿಯಲು ಬಲಕ್ಕೆ ಒಂಬತ್ತು. ಪಟ್ಟಿಯಲ್ಲಿ ಈ ವರ್ಷ ಚೂಟಿ ಇದ್ದಾಳೆ. ತಂಗಿಯ ಮಗಳು. ಸಂಖ್ಯಾಶಾಸ್ತ್ರ, ಮೊದಲ ದರ್ಜೆ, ಆರುನೂರ ನಲವತ್ತರಲ್ಲಿ ಕ್ರಮಸಂಖ್ಯೆ 212. ಏಳನೇ ವಯಸ್ಸಿನಿಂದ ಗಾಲಿಕುರ್ಚಿ. ಅದಕ್ಕೆ ಒಂಬತ್ತು ಮೆಟ್ಟಿಲೂ ಒಂದೇ, ತೊಂಬತ್ತೂ ಒಂದೇ.

ಎತ್ತಿಕೊಂಡು ಹೋಗುವ ಮಾತನ್ನು ಅವಳ ಮುಂದೆ ಆಡುವಂತಿಲ್ಲ. ಒಮ್ಮೆ ಬಸ್ಸಿನಿಂದ ಇಳಿಸಲು ಕೇಳದೆಯೇ ಎತ್ತಿದ್ದೆ. ಎರಡು ದಿನ ಮಾತು ಬಿಟ್ಟಿದ್ದಳು. ಆಗ ಹದಿಮೂರು ವರ್ಷ.

ತಂಗಿಗೆ ಫೋನ್ ಮಾಡಿ ಮೆಟ್ಟಿಲಿನ ವಿಷಯ ಹೇಳಿದೆ. "ನೀನಿದ್ದೀಯಲ್ಲಣ್ಣಾ, ನನಗ್ಯಾಕೆ ಚಿಂತೆ" ಅಂದಳು. ಒಬ್ಬಳೇ ಸಾಕಿದ ಮಗಳು. "ಅವಳನ್ನ ಸ್ಟೇಜ್ ಹತ್ತಿಸೋ ಜವಾಬ್ದಾರಿ ನಂದು" ಅಂದುಬಿಟ್ಟೆ. ನಾಲಿಗೆಗೇನು, ಎಲುಬಿಲ್ಲ.

ಮಾರ್ಚ್ 4

ಸಿಕ್ಕಿತು! ವೇದಿಕೆಯ ಹಿಂದೆ ಒಂದು ಬಾಗಿಲು, ಅದರಾಚೆ ಇಳಿಜಾರು ದಾರಿ. ಸಾಮಾನು ಸಾಗಿಸಲು ಹಿಂದೆ ಯಾವಾಗಲೋ ಕಟ್ಟಿದ್ದು. ಬಾಗಿಲು ಮೂವತ್ತು ಇಂಚು, ಚೂಟಿಯ ಕುರ್ಚಿ ಇಪ್ಪತ್ತಾರು. ಕುಣಿಯುವುದೊಂದು ಬಾಕಿ.

ಬಾಗಿಲು ಒಂದು ಗೇಣು ತೆರೆದು ನಿಂತಿತು. ಒಳಗೆ ಚಾವಣಿಯವರೆಗೆ ಮುರಿದ ಕುರ್ಚಿಗಳು. ಕಾಲಿಲ್ಲದವು, ಬೆನ್ನಿಲ್ಲದವು, ನಾನೂರಾದರೂ ಇರಬೇಕು. ಸ್ಟೋರ್ ಕೀಪರ್ ಹತ್ತಿರ ಓಡಿದೆ.

"ಆ ಮುರಿದ ಕುರ್ಚಿ ಬೇರೆ ಕಡೆ ಹಾಕಿಸಿ ಸ್ವಾಮಿ, ಒಂದು ದಿನದ ಮಟ್ಟಿಗೆ."

"ಮುರಿದಿವೆ ಅಂತ ನೀವು ಹೇಳ್ತೀರಿ. ಕಮಿಟಿ ಹೇಳ್ಬೇಕು."

"ಕಮಿಟಿ ಯಾವಾಗ ಕೂರತ್ತೆ?"

"ಇನ್ನೂ ಕಮಿಟೀನೇ ಆಗಿಲ್ಲ."

ಮನೆಗೆ ಬಂದು ಹೇಳಿದರೆ ಹೆಂಡತಿ, "ಪಾಪ, ಕಮಿಟಿ ಕೂರೋಕೂ ಕುರ್ಚಿ ಬೇಕಲ್ಲ" ಅಂದಳು. ನಕ್ಕೆವು. ಆಮೇಲೆ ನಗು ಬರಲಿಲ್ಲ.

ಮಾರ್ಚ್ 5

ಪ್ರಚಾರಾಧಿಕಾರಿಯನ್ನು ಕಂಡೆ. ಸಮಾರಂಭದ ಉಸ್ತುವಾರಿ ಅವರದೇ. ನಾವು ಮನೆಯಲ್ಲಿ ಕರೆಯುವುದು 'ನೋಡೋಣ ಸಾಹೇಬರು' ಎಂದು. ಕುರ್ಚಿ, ಬಾಗಿಲು, ಇಂಚು, ಎಲ್ಲ ಹೇಳಿದೆ. ನಕ್ಷೆಯನ್ನೂ ಬರೆದು ಕೊಟ್ಟೆ. ಬಹಳ ಮೆಚ್ಚಿಕೊಂಡರು.

"ನೋಡೋಣ. ಇನ್ನೂ ಬೇಕಾದಷ್ಟು ಟೈಮ್ ಇದೆ."

ಮಾರ್ಚ್ 9

ಚೂಟಿ ಸ್ಟುಡಿಯೋಗೆ ಬಂದಿದ್ದಳು. ಗೌನ್ ಚಕ್ರಕ್ಕೆ ಸಿಕ್ಕುತ್ತಿತ್ತು. ಅವಳ ಅತ್ತೆ, ಅಂದರೆ ನನ್ನ ಹೆಂಡತಿ, ನಾಲ್ಕು ಇಂಚು ಮಡಿಚಿ ಹೊಲಿದಳು.

"ಮಾವ, ನನಗೆ ಸ್ಪೆಷಲ್ ಏನೂ ಬೇಡ. ಹೂಗುಚ್ಛ, ಭಾಷಣ, 'ಛಲಗಾತಿ' ಅಂತ ಚಪ್ಪಾಳೆ, ಯಾವ್ದೂ ಬೇಡ. ಸ್ಟೇಜ್ ಮೇಲೆ ಎಲ್ರ ಥರ ಒಂದು ಕಡೆಯಿಂದ ಬರ್ಬೇಕು, ಇನ್ನೊಂದು ಕಡೆ ಹೋಗ್ಬೇಕು. ಬೋರ್ ಆಗೋ ಥರ ಇರ್ಬೇಕು ನನ್ನ ಫೋಟೋ."

"ಅಷ್ಟು ಬೋರಾಗಿ ತೆಗೆಯೋದು ನನ್ನೊಬ್ಬನ ಕೈಲೇ ಸಾಧ್ಯ" ಅಂದೆ. ನಕ್ಕಳು. ಅವಳಿಗೆ ಕುರ್ಚಿಗಳ ವಿಷಯ ಪೂರ್ತಿ ಹೇಳಿಲ್ಲ. 'ದಾರಿ ಇದೆ' ಎಂದಷ್ಟೇ ಹೇಳಿದ್ದೇನೆ. ಸುಳ್ಳಲ್ಲ. ದಾರಿ ಇದೆ.

ಮಾರ್ಚ್ 12, ಬೆಳಿಗ್ಗೆ 11

ತಡೆಯಲಾಗಲಿಲ್ಲ. ನಾನೇ ಕುರ್ಚಿ ಎಳೆದು ಹೊರಗಿಡಲು ಶುರು ಮಾಡಿದೆ. ಹನ್ನೊಂದು ಹೊರಗೆ ಬಂದವು. ಅಂಗೈ ಗೀರಿತು. ಅಷ್ಟರಲ್ಲಿ ಗಾರ್ಡ್, ಅವನ ಹಿಂದೆಯೇ ಸ್ಟೋರ್ ಕೀಪರ್. ಕೂಗಾಡಲಿಲ್ಲ, ಅದೇ ಕಷ್ಟ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

"ಲೆಕ್ಕ ತಪ್ಪಿದ್ರೆ ನನ್ನ ಪೆನ್ಷನ್‌ಗೆ ಬರತ್ತೆ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಿತ್ತೋ ಅಲ್ಲೇ ಇಡಿ."

ಇನ್ನು ಎರಡು ವರ್ಷಕ್ಕೆ ನಿವೃತ್ತಿಯಂತೆ. ಹನ್ನೊಂದನ್ನೂ ವಾಪಸ್ ಇಟ್ಟೆ. ಅವನೂ ಕೈ ಹಾಕಿದ.

ಮಾರ್ಚ್ 16

ಅರ್ಜಿ ಬರೆದು ಕೊಟ್ಟಿದ್ದೆ. ಕಟ್ಟಡ ವಿಭಾಗದವರು ಸ್ಟೋರ್ಸ್‌ಗೆ ಕಳಿಸಿದ್ದಾರೆ, ಸ್ಟೋರ್ಸ್‌ನವರು ಕಟ್ಟಡ ವಿಭಾಗಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮತ್ತೆ ಸಾಹೇಬರ ಬಾಗಿಲಿಗೆ ಹೋದೆ.

"ನೋಡೋಣ ಅಂದಿದ್ದೆ. ಆದ್ರೆ ಈಗ ಟೈಮ್ ಎಲ್ಲಿದೆ ಹೇಳಿ?"

ಐದನೇ ತಾರೀಕು ಬೇಕಾದಷ್ಟಿತ್ತು, ಹದಿನಾರಕ್ಕೆ ಇಲ್ಲವೇ ಇಲ್ಲ. ನಡುವೆ ಯಾವ ದಿನ ಬಂದು ಕೇಳಬೇಕಿತ್ತೋ! ಮರದ ಇಳಿಜಾರನ್ನು ನಾನೇ ಮಾಡಿಸಿ ತರುತ್ತೇನೆ ಅಂದೆ. ಮುಂದಿನ ಮೆಟ್ಟಿಲ ಮೇಲೆ ಹಾಕಿದರೆ ಹೂವಿನ ಅಲಂಕಾರಕ್ಕೆ ಅಡ್ಡವಂತೆ.

ತಂಗಿ ಫೋನ್ ಮಾಡಿದ್ದಳು. ಹೊಸ ಕನ್ನಡಕ ಮಾಡಿಸಿಕೊಂಡಳಂತೆ, ಮಗಳನ್ನು ದೂರದಿಂದ ಸರಿಯಾಗಿ ನೋಡಬೇಕೆಂದು.

ಮಾರ್ಚ್ 19, ಸಂಜೆ

ಸಾಹೇಬರೇ ಕರೆಸಿದರು. ಚಹಾ ಕೊಟ್ಟರು. ಆಗಲೇ ಅನುಮಾನ ಬಂತು.

"ನಿಮ್ಮ ಹುಡುಗಿಗೆ ಫೋಟೋ ತಾನೇ ಬೇಕು? ನಾಳೆ ಸಂಜೆ ಕುಲಪತಿಗಳು ರಿಹರ್ಸಲ್‌ಗೆ ಬರ್ತಾರೆ. ನಾಲ್ಕು ಜನ ಗಾರ್ಡ್ ಕೊಡ್ತೀನಿ. ಕುರ್ಚಿ ಸಮೇತ ಎತ್ತಿ ಮೇಲಿಡ್ಲಿ. ನೀವು ಆರಾಮಾಗಿ ತೆಗೀರಿ. ನಾಡಿದ್ದು ಅವಳು ಕೆಳಗೇ ಇರ್ಲಿ, ಕುಲಪತಿಗಳೇ ಇಳಿದು ಬಂದು ಕೊಡ್ತಾರೆ."

"ನಾಳೆ ಯಾಕೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಲೈಟ್ ಟೆಸ್ಟ್ ಅನ್ನಿ."

ಎದ್ದು ಬರಬಹುದಿತ್ತು. 'ಸರಿ' ಅಂದೆ. ಯಾಕೆ ಅಂದೆ? ದಿನ ಕೈಕೊಟ್ಟರೂ ಚಿತ್ರವೊಂದಾದರೂ ಉಳಿಯಲಿ ಅನಿಸಿತು. ಇಪ್ಪತ್ತಾರು ವರ್ಷ ಇದನ್ನೇ ಜನರಿಗೆ ಹೇಳಿಕೊಂಡು ಬಂದಿದ್ದೇನೆ, ದಿನ ಹೋಗುತ್ತೆ, ಫೋಟೋ ಉಳಿಯುತ್ತೆ ಅಂತ. ನನಗೆ ನಾನೇ ಮಾರಿಕೊಂಡ ಹಾಗಾಯಿತು.

ಮಾರ್ಚ್ 20, ಸಂಜೆ 7

ತೆಗೆದೆ.

ಚೂಟಿ ಗೌನ್ ತೊಟ್ಟೇ ಬಂದಿದ್ದಳು. "ಎತ್ತಲೇಬೇಕಾ ಮಾವ?" ಅಂದಳು. "ಬರೀ ಲೈಟ್ ಟೆಸ್ಟು. ಇವತ್ತೊಂದಿನ" ಅಂದೆ. ಕಣ್ಣು ಮುಚ್ಚಿಕೊಂಡಳು. ನಾಲ್ಕು ಗಾರ್ಡುಗಳು ನಾಲ್ಕು ಮೂಲೆ ಹಿಡಿದರು. ಐದನೇ ಮೆಟ್ಟಿಲಿನಲ್ಲಿ ಒಬ್ಬನ ಕೈ ಜಾರಿ ಕುರ್ಚಿ ವಾಲಿತು. ಅವಳ ಬೆರಳುಗಳನ್ನು ನೋಡಿದೆ, ಬಿಳುಚಿಕೊಂಡಿದ್ದವು.

ಕುಲಪತಿಗಳು ಒಳ್ಳೆಯ ಮನುಷ್ಯ. ಬಾಗಿ ಕೈಕುಲುಕಿದರು, "ಸಂಖ್ಯಾಶಾಸ್ತ್ರಾನಾ? ನನಗೆ ತಲೆಗೇ ಹತ್ತಲ್ಲಮ್ಮ" ಅಂದರು. ಅವಳು ನಿಜವಾಗಿ ನಕ್ಕಳು. ಆ ಕ್ಷಣ ಒತ್ತಿದೆ. ನನ್ನ ಕಸುಬಿನಲ್ಲೇ ಇಷ್ಟು ಒಳ್ಳೆಯ ಫೋಟೋ ತೆಗೆದಿಲ್ಲ. ಬೆಳಕು, ನಗು, ಕೈ, ಎಲ್ಲ ಅಚ್ಚುಕಟ್ಟು. ನೋಡಲು ಮನಸ್ಸಾಗುತ್ತಿಲ್ಲ.

ಮಾರ್ಚ್ 21

ಮುಗಿಯಿತು. ಇವತ್ತು ಬರೆಯಲಾರೆ.

ಮಾರ್ಚ್ 23

ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ.

ಇಪ್ಪತ್ತೊಂದರ ಬೆಳಿಗ್ಗೆ ಚೂಟಿಗೆ ಹೇಳಿದೆ, ಕುಲಪತಿಗಳೇ ಕೆಳಗೆ ಬರ್ತಾರೆ ಅಂತ. ನನ್ನ ಮುಖವನ್ನೇ ನೋಡಿದಳು. "ಹಾಗಾದ್ರೆ ನಿನ್ನೆ ಎತ್ತಿದ್ದು?" ನಾನು ಫ್ಲ್ಯಾಶಿನ ವೈರ್ ಸರಿಮಾಡುತ್ತಾ ನಿಂತೆ. "ಗೊತ್ತಾಯ್ತು ಬಿಡು" ಅಂದು ಚಕ್ರ ತಿರುಗಿಸಿಕೊಂಡು ಹೋದಳು.

ಕೆಳಗಿನ ಫೋಟೋಗೆ ಹೆಂಡತಿಯನ್ನು ಎರಡನೇ ಕ್ಯಾಮೆರಾ ಕೊಟ್ಟು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ್ದೆ. ಭಾಷಣಗಳು ಉದ್ದವಾದವು. ನಲವತ್ತು ನಿಮಿಷ ತಡ. ನೂರೈವತ್ತು ಹೆಸರು ಆಗುವಷ್ಟರಲ್ಲಿ ಸಾಹೇಬರು ಬೆವರುತ್ತಿದ್ದರು. ಪದಕ ಪಡೆದವರ ಗುಂಪು ಫೋಟೋ ಬೇಕೆಂದು ನನ್ನ ಹೆಂಡತಿಯನ್ನು ಹೊರಗೆ ಎಳೆದುಕೊಂಡು ಹೋದರು. ಅವಳು ನನ್ನತ್ತ ನೋಡಿದಳು. ನಾನು ಟ್ರೈಪಾಡ್ ಬಿಡುವಂತಿಲ್ಲ. ಆರು ಸೆಕೆಂಡಿಗೊಂದು ಹೆಸರು.

ಇನ್ನೂರ ಹನ್ನೊಂದು. ಇನ್ನೂರ ಹನ್ನೆರಡು.

ಹೆಸರು ಕೂಗಿದರು. ಕುಲಪತಿಗಳು ಇಳಿಯಲು ಒಂದು ಹೆಜ್ಜೆ ಇಟ್ಟರು. ಸಾಹೇಬರು ಕಿವಿಯಲ್ಲಿ ಏನೋ ಹೇಳಿ ತಡೆದರು. ಗುಮಾಸ್ತನೊಬ್ಬ ಪದವಿಪತ್ರದ ಫೋಲ್ಡರ್ ಹಿಡಿದು ಮೆಟ್ಟಿಲಿಳಿದು ಅವಳತ್ತ ಓಡಿದ. ನಮ್ಮ ಕಸುಬಿನಲ್ಲಿ ಹೆಸರಿಗೊಂದು ಕ್ಲಿಕ್ ಆಗಲೇಬೇಕು, ಆಳು ಬರಲಿ ಬಿಡಲಿ. ಫೋಟೋಗೆ ಹೆಸರು ಹಾಕುವುದು ಆ ಲೆಕ್ಕದ ಮೇಲೆ, ಒಂದು ತಪ್ಪಿದರೆ ಮುಂದಿನ ನಾನೂರು ಮನೆಗೆ ಬೇರೆಯವರ ಮಕ್ಕಳ ಫೋಟೋ ಹೋಗುತ್ತದೆ. ಬೆರಳು ತನ್ನಷ್ಟಕ್ಕೆ ಒತ್ತಿತು. ಖಾಲಿ ವೇದಿಕೆಗೆ. ತಲೆ ತಿರುಗಿಸಿ ನೋಡುವಷ್ಟರಲ್ಲಿ ಇನ್ನೂರ ಹದಿಮೂರು ಬಂದು ನಿಂತಿದ್ದ. ಚೂಟಿಯ ಬೆನ್ನು ಮಾತ್ರ ಕಂಡಿತು.

ತಂಗಿ ಬಾಲ್ಕನಿಯಲ್ಲಿದ್ದಳು. ಹೆತ್ತವರಿಗೆಲ್ಲ ಅಲ್ಲೇ ಜಾಗ. ಮುಂದಿನವರೆಲ್ಲ ಫೋನ್ ಹಿಡಿದು ಎದ್ದು ನಿಂತಿದ್ದರಂತೆ, ಹೊಸ ಕನ್ನಡಕಕ್ಕೆ ಕಂಡದ್ದು ಬರೀ ತಲೆಗಳು. ಹೆಸರು ಕೇಳಿದಳು, ಚಪ್ಪಾಳೆ ಕೇಳಿದಳು, ಅತ್ತಳು. ಹೊರಗೆ ಬಂದ ಮೇಲೆ "ಹೇಗಾಯ್ತೇ?" ಅಂದಳು. ಚೂಟಿ ನನ್ನನ್ನು ಒಮ್ಮೆ ನೋಡಿ, "ಚೆನ್ನಾಗಾಯ್ತಮ್ಮ" ಅಂದಳು. ತಂಗಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಮಾತು ಉಳಿಸ್ದೆ ಅಣ್ಣಾ." ನನಗೆ ಸತ್ತುಹೋಗೋಣ ಅನಿಸಿತು.

ಮಾರ್ಚ್ 26

ಇಪ್ಪತ್ತರ ಫೋಟೋ ವಿಶ್ವವಿದ್ಯಾಲಯದ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ. 'ಘಟಿಕೋತ್ಸವದ ಹೆಮ್ಮೆಯ ಕ್ಷಣ'. ತಂಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಮನೆಯ ಹಾಲ್‌ನಲ್ಲಿ ತೂಗುಹಾಕಿದ್ದಾಳೆ. ಅದರ ಫೋಟೋ ತೆಗೆದು ನನಗೇ ಕಳಿಸಿದ್ದಾಳೆ. ನೋಡೋಣ ಸಾಹೇಬರೂ ಫೋನ್ ಮಾಡಿ ಹೊಗಳಿದರು. ಮುಂದಿನ ವರ್ಷವೂ ನಾನೇ ಅಂತೆ.

ಮಾರ್ಚ್ 29, ಮಧ್ಯಾಹ್ನ 3

ಚೂಟಿ ಬಂದಿದ್ದಳು, ಒಬ್ಬಳೇ.

"ಅವತ್ತಿಂದು ತೋರ್ಸು."

"ಅವತ್ತಿಂದು ಇಲ್ಲ ಕಣೇ. ಅತ್ತೆ ಕೆಳಗಿರಲಿಲ್ಲ."

"ಹೆಸರಿಗೊಂದು ಒತ್ತೇ ಒತ್ತಿರ್ತೀಯ ಅಂತ ಅತ್ತೆ ಹೇಳಿದ್ರು."

ಹೆಂಡತಿ ಒಳಗೆ ಪ್ರಿಂಟರ್ ಹತ್ತಿರ, ತಲೆಯೆತ್ತಲಿಲ್ಲ. ತೆರೆದು ತೋರಿಸಿದೆ. ಖಾಲಿ ವೇದಿಕೆ. ನೆಲದ ಮೇಲೆ ನಾನೇ ಅಂಟಿಸಿದ ಬಿಳಿ ಟೇಪು. ಕುಲಪತಿಗಳು ಒಂದು ಕಾಲು ಮುಂದಿಟ್ಟು ನಿಂತಿದ್ದಾರೆ, ಸಾಹೇಬರ ಕೈ ಅವರ ತೋಳಿನ ಮೇಲೆ. ಕೆಳಗೆ ಮೊದಲ ಸಾಲಿನವರ ತಲೆಗಳು, ಎಲ್ಲವೂ ಎಡಕ್ಕೆ ತಿರುಗಿವೆ, ಚಿತ್ರದ ಆಚೆಗೆ.

ಪರದೆಯ ಹತ್ತಿರ ಬಾಗಿ ನೋಡಿದಳು. "ಫೋಕಸ್ ಸರಿಯಾಗಿದೆ" ಅಂದಳು.

ಆಮೇಲೆ, "ಅಮ್ಮ ದಿನಾ ಬೆಳಿಗ್ಗೆ ಆ ಇನ್ನೊಂದು ಫೋಟೋ ಒರೆಸ್ತಾಳೆ ಮಾವ. ಬಂದೋರಿಗೆಲ್ಲ ತೋರಿಸ್ತಾಳೆ. ನಾನು ಪಕ್ಕದಲ್ಲೇ ಕೂತು ಹೂಂ ಅಂತಿರ್ತೀನಿ. ನನ್ನನ್ನ ಎತ್ತಿದ್ದು ಅದ್ರಲ್ಲಿ ಕಾಣಲ್ಲ ನೋಡು. ನನ್ನ ಕೈಲಿ ಆಗ್ತಿಲ್ಲ. ಇದನ್ನ ಎಲ್ರಿಗೂ ಕೊಡೋ ಸೈಜಲ್ಲೇ ಹಾಕಿಕೊಡು. ಕೆಳಗೆ ಹೆಸರು, ನಂಬರು."

"ಬೇಡ ಕಣೇ. ಅವಳು ಖುಷಿಯಾಗಿದ್ದಾಳೆ."

"ಗೊತ್ತು" ಅಂದಳು. ಅಷ್ಟೇ. ಅತ್ತೆಯ ಕಡೆ ತಿರುಗಿ ಕೂತಳು. ಬೇಡವೆನ್ನಲು ನನಗೆ ಯಾವ ಮುಖವಿದೆ? ಪ್ರಿಂಟ್ ಹಾಕಿದೆ. ಕವರಿನಲ್ಲಿಟ್ಟು ಕೊಟ್ಟೆ. ಮಡಿಲಿನಲ್ಲಿಟ್ಟುಕೊಂಡು ಹೋದಳು.

ಮಾರ್ಚ್ 31, ಬೆಳಿಗ್ಗೆ 11.40

ತಂಗಿಯ ಫೋನ್. ದನಿ ಎಂದಿನಂತೆಯೇ ಇತ್ತು.

"ಅಣ್ಣಾ, ನಿಮ್ಮ ಸ್ಟುಡಿಯೋದಲ್ಲಿ ಏನೋ ಅದಲುಬದಲಾಗಿದೆ ನೋಡು. ಇವಳು ಈಗ ಒಂದು ಕವರ್ ಕೊಟ್ಲು. ಬರೀ ಸ್ಟೇಜ್ ಇದೆ, ಕೆಳಗೆ ಇವಳ ಹೆಸರಿದೆ. ಕನ್ನಡಕ ಒರೆಸಿ ಒರೆಸಿ ನೋಡ್ದೆ. ಇದ್ರಲ್ಲಿ ಇವಳೆಲ್ಲಿ? ಇವಳನ್ನ ಕೇಳಿದ್ರೆ ಮಾವನ್ನೇ ಕೇಳು ಅಂತಾಳೆ."

ನೋಡಿ ಹೇಳ್ತೀನಿ ಅಂದು ಇಟ್ಟುಬಿಟ್ಟೆ. ನೋಡಿ ಹೇಳುವುದಂತೆ. ನಾನೂ ಸಾಹೇಬರ ಹಾಗೇ ಆದೆ.

ಮತ್ತೆ ರಿಂಗಾಗುತ್ತಿದೆ. ಹೆಂಡತಿ ಎದುರಿಗೆ ನಿಂತು, "ಮಾತಾಡಿ" ಅನ್ನುತ್ತಿದ್ದಾಳೆ. ಏನೆಂದು ಶುರು ಮಾಡಲಿ? ನೀನು ಚಪ್ಪಾಳೆ ಕೇಳಿದೆಯಲ್ಲ, ಆಗ ಅವಳು ಕೆಳಗೆ, ಮೆಟ್ಟಿಲ ಹತ್ತಿರ, ಒಬ್ಬಳೇ —