ಗಾದಿಯೊಳಗಿನ ಕಾಗದ

ದಾವಣಗೆರೆ
12–8–1961

ಹರಿಹರದ ನನ್ನ ಗಿರಿಯಮ್ಮಕ್ಕನಿಗೆ ಅಮೀನಾಬೀ ಮಾಡುವ ಸಲಾಮುಗಳು. ನಿಮ್ಮ ಮಗಳು ಕೆಂಚವ್ವ ಓದಿ ಹೇಳುತ್ತಾಳೆಂದು ನಂಬಿ ಬರೆಯುತ್ತಿದ್ದೇನೆ.

ಅಕ್ಕಾ, ನನ್ನ ಸೂರು ಉಳಿಯಿತು! ಮುಂದಿನ ಕೋಣೆ ನನ್ನದೆಂದು ಅಪ್ಪನ ತಮ್ಮನ ಮಗ ನಬೀ ಸಾಬಣ್ಣ, ನೀವು ತಂದ ಕಾಗದ ನೋಡಿ, ನಿನ್ನೆ ಹಿರಿಯರ ಮುಂದೆ ಒಪ್ಪಿಕೊಂಡ. ‘ದೊಡ್ಡಪ್ಪನ ರುಜು ನಂಗ ಗೊತ್ತಿಲ್ಲೇನು? ಇಲ್ಲೇ ಇರವ್ವ ತಂಗಿ’ ಅಂದ. ಅಪ್ಪ ತೀರಿಕೊಂಡ ಮೇಲೆ, ಈ ತಿಂಗಳೊಳಗೆ ಬೇರೆ ಜಾಗ ನೋಡಿಕೋ ಎಂದಿದ್ದವನೂ ಅವನೇ. ಕೆಟ್ಟವನಲ್ಲ. ನಮ್ಮಪ್ಪ ಹಯಾತ್ ಸಾಬ ನನ್ನನ್ನು ಸಾಕಿದವನೇ ಹೊರತು ಹೆತ್ತವನಲ್ಲ. ಕಾಗದವಿಲ್ಲದೆ ಸಾಕುಮಗಳಿಗೆ ಪಾಲಿಲ್ಲವೆಂದು ಊರೇ ಹೇಳಿದರೆ ಅವನೇನು ಮಾಡಿಯಾನು?

ಅಪ್ಪ ಉಯಿಲು ಬರೆಸಿದ್ದು ನಿಜವೆಂದು, ಅದನ್ನು ಬರೆದುಕೊಟ್ಟ ಪಂಚಾಕ್ಷರಪ್ಪ ಮೇಷ್ಟ್ರು ಹೇಳುತ್ತಲೇ ಇದ್ದರು. ಪೆಟ್ಟಿಗೆ, ಗೂಡು, ಅಟ್ಟ ಎಲ್ಲ ತಡಕಿದೆ. ಜೀವನವಿಡೀ ಹತ್ತಿ ಹಿಂಜಿ ಗಾದಿ ಹೊಲಿದ ಪಿಂಜಾರ ಪೆಟ್ಟಿಗೆಯನ್ನು ನಂಬುತ್ತಾನೆಯೇ? ಉಯಿಲನ್ನು ತನ್ನ ಗಾದಿಯೊಳಗೇ ಇಟ್ಟು ಹೊಲಿದಿದ್ದ. ‘ನನ್ ಗಾದಿ ನೀನೇ ಬಿಚ್ಚಿ ಹಿಂಜ್ಬೇಕು, ಬ್ಯಾರೇರ ಕೈಗೆ ಕೊಡಬ್ಯಾಡ’ ಎಂದು ಎಷ್ಟು ಸಲ ಅಂದಿದ್ದ! ಮುದುಕನಿಗೆ ತನ್ನ ಹೊಲಿಗೆಯ ಜಂಬ ಅಂದುಕೊಂಡೆ. ಸತ್ತವರ ಹಾಸಿಗೆ ದಾನ ಕೊಡುವುದು ನಮ್ಮ ವಾಡಿಕೆ. ಬಾಣಂತಿ ಕೆಂಚವ್ವ ಚಾಪೆಯ ಮೇಲೆ ಮಲಗುತ್ತಾಳೆಂದು ಕೇಳಿ, ನಾನೇ ಅದನ್ನು ನಿಮಗೆ ಹೊರಿಸಿ ಕಳಿಸಿದೆ. ಎಂಥ ದಡ್ಡಿ ನಾನು!

ಕೂಸು ಹೊರಳಿದಾಗೆಲ್ಲ ಏನೋ ಚರಪರ ಅನ್ನುತ್ತದೆಂದು ನೀವು ಹೊಲಿಗೆ ಬಿಚ್ಚಿದಿರಂತೆ. ಒಳಗೆ ಸಿಕ್ಕ ಕಾಗದವನ್ನು ಒಲೆಗೆ ಹಾಕಿದ್ದರೆ ಯಾರು ಕೇಳುತ್ತಿದ್ದರು? ಕೆಂಚವ್ವ ನನ್ನ ಹೆಸರು ಓದಿದ್ದೇ ತಡ, ರೈಲಿಗೂ ಕಾಯದೆ ಲಾರಿ ಹತ್ತಿ ಬಂದಿರಿ. ‘ತಗಾ ಅಮೀನಾ, ನಿಮ್ಮಪ್ಪನ ಮಾತು ನಮ್ಮನ್ಯಾಗ ಮಲಗಿತ್ತು’ ಅಂದಿರಿ. ನಾನು ಒಂದು ಲೋಟ ನೀರೂ ಕೊಡದೆ ಅಳುತ್ತಾ ಕುಳಿತೆ, ಕ್ಷಮಿಸಿ.

ಉಯಿಲಿನಲ್ಲಿ ಮೇಷ್ಟ್ರು ‘ಸಾಕಿದ ಮಗಳು’ ಎಂದು ಬರೆದಿದ್ದಾರೆ. ‘ಸಾಕಿದ’ ಎಂಬುದನ್ನು ಅಪ್ಪ ಹೊಡೆದುಹಾಕಿ, ಪಕ್ಕದಲ್ಲೇ ರುಜು ಮಾಡಿದ್ದಾನೆ. ಅದನ್ನು ದಿನಾ ನೋಡುತ್ತೇನೆ ಅಕ್ಕಾ. ನೀವು ತರದಿದ್ದರೆ ಕೋಣೆಯೊಂದೇ ಅಲ್ಲ, ಇದೂ ನನಗೆ ಸಿಗುತ್ತಿರಲಿಲ್ಲ.

ಬಿಚ್ಚಿದ ಗಾದಿಯನ್ನು ಕಳಿಸಿಕೊಡಿ. ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿದು ಕೊಡುತ್ತೇನೆ. ಅಪ್ಪನ ಮಾತೂ ನಡೆದಂತಾಗುತ್ತದೆ.

ಇಂತಿ ನಿಮ್ಮ ತಂಗಿ,
ಹಯಾತ್ ಸಾಬನ ಮಗಳು
ಅಮೀನಾಬೀ

ತಾ.ಕ.: ಕೆಂಚವ್ವಾ, ಇದನ್ನು ಗಟ್ಟಿಯಾಗಿ ಓದು, ಅಮ್ಮನಿಗೆ ಕೇಳಲಿ. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಇವತ್ತು ಬೆಳಿಗ್ಗೆ ನಾನೂ ಉಯಿಲು ಬರೆಸಿದೆ. ‘ಇಷ್ಟು ಬೇಗ ಯಾಕವ್ವ?’ ಎಂದು ಮೇಷ್ಟ್ರು ನಕ್ಕರು. ನನ್ನ ನಂತರ ಈ ಕೋಣೆ, ಆ ಗಾದಿಯ ಮೇಲೆ ಹೊರಳಿದ ನಿನ್ನ ಮಗಳಿಗೆ. ಒಂದು ಪ್ರತಿ ಮೇಷ್ಟ್ರ ಹತ್ತಿರ ಇದೆ, ಇನ್ನೊಂದು ಈ ಲಕೋಟೆಯಲ್ಲೇ ಇದೆ. ಪೆಟ್ಟಿಗೆಯಲ್ಲಿಡು ತಾಯಿ, ಗಾದಿಯಲ್ಲಿ ಬೇಡ.