ಎರಡು ತಲೆಯ ರಾಜನಿಗೆ ಕಾಲು

ಶಿಡ್ಲಘಟ್ಟ
9 ಫೆಬ್ರವರಿ 2025

ಪ್ರೀತಿಯ ವೇಣು,

ಮೊದಲಿಗೆ, ಈ ಕಾಗದವನ್ನು ನಿನಗಿಂತ ಮುಂಚೆ ಒಡೆದು ಓದುವ ಜೈಲಿನ ಸಾಹೇಬರಿಗೆ ನಮಸ್ಕಾರ. ಇದರಲ್ಲಿ ಇಸ್ಪೀಟು ಎಲೆಯ ಮಾತು ಬರುತ್ತದೆ, ಎಲೆ ಇಲ್ಲ. ಬೇಕಾದರೆ ಲಕೋಟೆಯನ್ನು ಅಲ್ಲಾಡಿಸಿ ನೋಡಬಹುದು.

ಉಭಯ ಕುಶಲೋಪರಿ ಎಂದು ಶುರು ಮಾಡಲು ಸ್ಕೂಲಿನಲ್ಲಿ ಕಲಿಸಿದ್ದರು. ನಿನ್ನ ಕುಶಲದ ಜವಾಬ್ದಾರಿ ಸರ್ಕಾರದ್ದು, ನನ್ನದು ಅಮ್ಮನದು. ಇಬ್ಬರೂ ಹೊಟ್ಟೆಗೆ ಮುದ್ದೆ ಹಾಕುತ್ತಿದ್ದಾರೆ, ಅಷ್ಟು ಸಾಕು. ಸಂಕ್ರಾಂತಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಧನುರ್ಮಾಸ ಮುಗಿದದ್ದೇ ತಡ, ಛತ್ರದಲ್ಲಿ ಮದುವೆಯ ಮೇಲೆ ಮದುವೆ. ಊರಿಗೆಲ್ಲ ಮದುವೆ ಮಾಡಿಸೋ ಮ್ಯಾನೇಜರಿಗೆ ತನಗೊಂದು ಇಲ್ಲ ಎಂದು ಅಡುಗೆಯವರು ನಗುತ್ತಾರೆ. ನಾನೂ ನಗುತ್ತೇನೆ. ಹೋಳಿಗೆ ಬಿಸಿಯಿರುವಾಗ ಅಡುಗೆಯವರ ಜೊತೆ ವಾದಕ್ಕೆ ಇಳಿಯಬಾರದು.

ಆದರೆ ತಡವಾದದ್ದು ಮದುವೆಗಳಿಂದಲ್ಲ. ನೀನು ಕೇಳಿದ್ದು ಒಂದೇ ಒಂದು: ‘ಅಣ್ಣ, ಹರಿಣೀನ ಒಂದ್ಸಲ ಕರ್ಕೊಂಡು ಬಾ.’ ಅದಕ್ಕೆ ಅವಳಮ್ಮ ರೂಪಳನ್ನು ಒಪ್ಪಿಸದೆ ಉತ್ತರ ಬರೆಯಲು ಮನಸ್ಸು ಬರಲಿಲ್ಲ. ಹೋದ ಭಾನುವಾರ ತೊಂಡೇಬಾವಿಗೆ ಹೋಗಿದ್ದೆ. ನಿನ್ನ ಅತ್ತೆ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಗಾರ್ಮೆಂಟ್ಸಿನವರು ವಾರಕ್ಕೊಂದು ಕೊಡುವ ರಜೆಯಲ್ಲಿ ರೂಪ ಬಟ್ಟೆ ಒಗೆಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಂದು ಸೀರೆ ಹಿಂಡಿ ಹರವಿ, ಆಮೇಲೆ ಬಾಯಿ ಬಿಟ್ಟಳು.

‘ಬಾವ, ಅವ್ರು ಒಳಗೆ ಹೋದಾಗ ಇವಳಿನ್ನೂ ತೊಟ್ಲಲ್ಲಿದ್ಳು. ಮುಖನೇ ಗೊತ್ತಿಲ್ಲ. ಬೇಸಿಗೆ ರಜಾದಲ್ಲಿ ಒಂದ್ಸಲ ಕರ್ಕೊಂಡೋಗಿ. ನಾನು ಬರಲ್ಲ. ಇವ್ರೇ ನಮ್ಮಪ್ಪ ಅಂತ ಮಗು ಮನಸ್ಸಿಗೆ ಬಂದ್ರೆ ಆಮೇಲೂ ಹೋಗಿ ಬರ್ಲಿ. ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳೋಕೆ ಬರ್ಬೇಡಿ.’

ನ್ಯಾಯವಾದ ಮಾತು. ನಿನ್ನ ಅಪೀಲು ವಜಾ ಮಾಡಿದವರು ಕೂಡ ಇಷ್ಟು ಸಣ್ಣದಾಗಿ, ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಈಗ ನಿನಗೆ ಗೊತ್ತಿರಬೇಕಾದ ಒಂದು ವಿಷಯ. ನಿನ್ನ ಮಗಳ ಲೆಕ್ಕದಲ್ಲಿ ನೀನು ಜೈಲಿನಲ್ಲಿಲ್ಲ. ಯುಗಾದಿ ಮರುದಿನದ ವರ್ಷತೊಡಕಿಗೆ ಇಸ್ಪೀಟು ಆಡುತ್ತಾ ಜಗಳವಾಗಿ ನೀನು ಸೌದೆ ಎತ್ತಿದ್ದು, ಕೊಂಡಪ್ಪ ಆಮೇಲೆ ಏಳದೇ ಹೋದದ್ದು, ಯಾವುದೂ ಅವಳಿಗೆ ಗೊತ್ತಿಲ್ಲ. ಅವಳ ಪ್ರಕಾರ ನೀನು ದೊಡ್ಡ ಗೋಡೆಯ ಒಂದು ಕಾರ್ಖಾನೆಯಲ್ಲಿ ಇಸ್ಪೀಟು ಎಲೆಯಿಂದ ಗೊಂಬೆ ಮಾಡುತ್ತೀಯ.

ನಗಬೇಡ. ಛತ್ರಕ್ಕೆ ಬರುವ ಗಂಡಸರು ರೂಮಿನಲ್ಲಿ ಕೂತು ಎಲೆ ಹಾಕುವುದು ನಿನಗೆ ಗೊತ್ತೇ ಇದೆ. ಹೋಗುವಾಗ ಕಟ್ಟುಗಳನ್ನು ಹಾಸಿಗೆಯ ಕೆಳಗೇ ಬಿಟ್ಟು ಹೋಗುತ್ತಾರೆ. ಹೆಂಡತಿಯ ಎದುರಿಗೆ ಅದು ನನ್ನದು ಎನ್ನುವ ಗಂಡು ಇನ್ನೂ ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಮೂಲೆ ಮಡಿಚಿದವು, ಸಾರು ಬಿದ್ದವು, ರಾಣಿ ಕಳೆದುಕೊಂಡವು. ಎಸೆಯಲು ಮನಸ್ಸಾಗದೆ ಮಧ್ಯಾಹ್ನದ ಹೊತ್ತು ಕತ್ತರಿಸುತ್ತಾ ಕೂತೆ. ಕತ್ತರಿಸಿದ್ದಕ್ಕೆ ಕೈಕಾಲು ಬಂತು, ಕೈಕಾಲು ಬಂದದ್ದಕ್ಕೆ ಹಿಂದುಗಡೆ ಎರಡು ಸಾಲು ಪ್ರಾಸ ಬಂತು. ಬಿ.ಎ.ಯಲ್ಲಿ ಕನ್ನಡ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ.

ಆಟಿನ್ ರಾಣಿ, ಮೂಗು ಉದ್ದ,
ಅಡುಗೆ ಮನೇಲಿ ದಿನಾ ಯುದ್ಧ.

ಕಳಾವರ್ ಗುಲಾಮ, ಮೀಸೆ ದಪ್ಪ,
ಕೇಳೋದೊಂದೇ, ಎಲ್ಲಿ ತುಪ್ಪ.

ನಿನ್ನ ಕೇಸಾದಂದಿನಿಂದ ಅಮ್ಮ ಇಸ್ಪೀಟು ಎಲೆಯನ್ನು ಹೊಸಿಲು ದಾಟಿಸಿದವಳಲ್ಲ. ಗೊಂಬೆಗಳನ್ನು ಮಾತ್ರ ಬಿಟ್ಟುಕೊಂಡಳು. ‘ಕಾಲು ಬಂದ್ಮೇಲೆ ಅದು ಎಲೆಯಲ್ಲ ಬಿಡು’ ಅಂದಳು. ದಸರಾ ರಜೆಗೆ ಬಂದ ಹರಿಣಿ ‘ಇದ್ಯಾರು ಮಾಡಿದ್ದಜ್ಜಿ?’ ಎಂದು ಕೇಳಿದಾಗ, ನಾನು ಬಾಯಿ ತೆಗೆಯುವ ಮೊದಲೇ ಅಮ್ಮ, ‘ನಿಮ್ಮಪ್ಪ ಕಣಮ್ಮ. ಕಾರ್ಖಾನೆ ಐತೆ, ಅಲ್ಲಿಂದ ನಿಂಗೇ ಅಂತ ಮಾಡಿ ಕಳಿಸ್ತಾನೆ’ ಅಂದುಬಿಟ್ಟಳು. ಮಗುವಿನ ಮುಖ ನೋಡಿದ ಮೇಲೆ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಆಮೇಲೆ ನಾನು ತೊಂಡೇಬಾವಿಗೆ ಹೋದಾಗಲೆಲ್ಲ ನಿನ್ನ ಹೆಸರಿನಲ್ಲಿ ಒಂದೊಂದು ಗೊಂಬೆ ಹೋಯಿತು. ಅವಳ ಕಪಾಟಿನಲ್ಲಿ ಒಂದು ಸಾಲೇ ನಿಂತಿದೆ. ನಿಂತಿದೆ ಅನ್ನುವುದಕ್ಕಿಂತ ಗೋಡೆಗೆ ಒರಗಿದೆ. ನಾನು ಎಷ್ಟು ಅಳೆದರೂ ಒಂದು ಕಾಲು ಗಿಡ್ಡವಾಗುತ್ತದೆ, ಎಲ್ಲವೂ ಎಡಕ್ಕೆ ವಾಲುತ್ತವೆ.

ಹಾಗಾಗಿ ಅವಳು ಬಂದ ದಿನ ನಿನ್ನನ್ನು ಕೇಳುವುದು ಒಂದೇ: ನನ್ನೆದುರಿಗೇ ಒಂದು ಮಾಡಿಕೊಡಿ. ಅವತ್ತು ನಿನಗೆ ಬರಲೇಬೇಕು. ಬರೆದು ಹೇಳಿಕೊಡುತ್ತೇನೆ, ಕಲಿ.

ಇಸ್ಪೀಟಿನ ರಾಜನಿಗೆ ಮೇಲೊಂದು ಕೆಳಗೊಂದು ಎರಡು ತಲೆ, ಕಾಲೇ ಇಲ್ಲ. ನಡುವಿಗೆ ಸರಿಯಾಗಿ ಮಡಿಚು. ಕತ್ತರಿ ಕೊಡುವುದಿಲ್ಲವಲ್ಲ, ಅದೇ ಗೆರೆಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಮಡಿಚಿ ಉಗುರಿನಿಂದ ಉಜ್ಜಿ ನಿಧಾನಕ್ಕೆ ಎಳೆದರೆ ನೀಟಾಗಿ ಹರಿಯುತ್ತದೆ. ಒಂದು ತಲೆ ಪಕ್ಕಕ್ಕಿಡು. ಇನ್ನೊಂದು ಎಲೆಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಬೀಡಿಯ ಹಾಗೆ ಒಂದೊಂದನ್ನೂ ಸುತ್ತಿದರೆ ಎರಡು ಕಾಲು. ತುದಿಯನ್ನು ಬಿಡಿಸಿ ಅಗಲಿಸಿದರೆ ಪಾದ. ರಾಜನ ಅಂಗಿಯ ಕೆಳಗೆ ಎರಡು ಸೀಳು ಬಿಟ್ಟು ಕಾಲು ತೂರಿಸು. ಎರಡನ್ನೂ ಪಕ್ಕಪಕ್ಕ ಹಿಡಿದು ಸಮ ಮಾಡಿಕೋ. ಎಲೆ ಸಿಗದಿದ್ದರೆ ಸೋಪಿನ ಪೊಟ್ಟಣದ ರಟ್ಟಿನಲ್ಲಿ ರೂಢಿ ಮಾಡು. ನಿನಗೇನು, ಹೊತ್ತಿಗೆ ಬರವಿಲ್ಲ.

ಅಮ್ಮನ ಆಶೀರ್ವಾದ. ಹೊಟ್ಟೆ ತುಂಬ ತಿನ್ನು ಅಂತ ಹೇಳಿದ್ದಾಳೆ.

ನಿನ್ನ ಅಣ್ಣ
ಅಂಬರೀಶ

*

ಶಿಡ್ಲಘಟ್ಟ
22 ಜೂನ್ 2025

ಪ್ರೀತಿಯ ವೇಣು,

ನೀನು ಬರೆದ ಎರಡು ಕಾಗದವೂ ಬಂದಿವೆ. ‘ಮಗು ಏನಂದ್ಳು?’ ಎಂದು ಎರಡರಲ್ಲೂ ಒಂದೇ ಪ್ರಶ್ನೆ. ಉತ್ತರ ಬರೆಯದೆ ಇದ್ದದ್ದಕ್ಕೆ ಈ ಸಲ ಮದುವೆಗಳ ನೆಪ ಹೇಳುವುದಿಲ್ಲ. ಆಷಾಢಕ್ಕೆ ಮುಂಚಿನ ಮುಹೂರ್ತಗಳೆಲ್ಲ ಮುಗಿದು, ಛತ್ರದಲ್ಲಿ ನಾನು ಮತ್ತು ಪಾರಿವಾಳಗಳು ಇದ್ದೇವೆ.

ಹರಿಣಿಯನ್ನು ಕರೆದುಕೊಂಡು ಬಂದ ದಿನ ಒಳಗೆ ನಡೆದದ್ದು ನಿನಗೆ ಗೊತ್ತು. ಹೊರಗಡೆಯದು ಹೇಳುತ್ತೇನೆ. ಗೇಟಿನಲ್ಲಿದ್ದ ಮುನಿನಾರಾಯಣಪ್ಪ ಎಂಬ ಗಾರ್ಡು ನನ್ನ ಜೇಬಿನಿಂದ ಎರಡು ಎಲೆ ತೆಗೆದು ಬೆಳಕಿಗೆ ಹಿಡಿದ. ಒಂದು ಇಸ್ಪೀಟ್ ರಾಜ, ಒಂದು ಕಳಾವರ್ ನಾಲ್ಕು.

‘ಏನ್ ಸ್ವಾಮಿ ಇದು. ಓದಿದೋರ ಥರ ಕಾಣ್ತೀರಿ. ಒಳಗೆ ಎಲೆ ಬಿಡಲ್ಲ ಅಂತ ಗೊತ್ತಿಲ್ವಾ?’

‘ಎರಡೇ ಸರ್. ಎರಡೆಲೇಲಿ ಯಾವ ಆಟ ಆಡೋಕಾಗುತ್ತೆ.’

‘ಆಟ ಅಲ್ದಿದ್ರೆ ಮತ್ಯಾಕೆ?’

ನಾನು ಹೇಳುವ ಮುಂಚೆ ಹರಿಣಿ, ‘ನಮ್ಮಪ್ಪ ಗೊಂಬೆ ಮಾಡ್ತಾರೆ ಅಂಕಲ್. ಇಲ್ಲೇ ಕೆಲ್ಸ ಅವ್ರಿಗೆ’ ಅಂದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಎಲೆಗಳನ್ನು ವಾಪಸ್ಸು ನನ್ನ ಜೇಬಿಗಿಟ್ಟ. ‘ಹೌದಮ್ಮ, ಕೆಲ್ಸದಲ್ಲಿ ಬೋ ಹುಷಾರು ನಿಮ್ಮಪ್ಪ’ ಅಂದ. ಅವನ ಮನೆ ತಣ್ಣಗಿರಲಿ.

ಮತ್ತೆ ನೀನು. ಜಾಲರಿಯ ಆಚೆ ಇಸ್ತ್ರಿಯ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ ನಿಂತಿದ್ದೆ. ಅವಳು ಕೇಳುವ ಮೊದಲೇ ನನ್ನ ಕೈಯಿಂದ ಎಲೆ ತೆಗೆದುಕೊಂಡೆ. ಬ್ಲೇಡಿನಲ್ಲಿ ಕೊಯ್ದ ಹಾಗೆ ಹರಿದೆ. ಕಾಲು ಸುತ್ತಿದೆ, ಅಳೆದೆ, ತೂರಿಸಿದೆ. ಜಾಲರಿಯ ಕೆಳಗಿನ ಸಂದಿನಿಂದ ಈಚೆ ಕೊಟ್ಟಾಗ ರಾಜ ಪರೇಡಿಗೆ ಬಂದ ಪೊಲೀಸಿನವನ ಹಾಗೆ ನೆಟ್ಟಗೆ ನಿಂತ. ಎಷ್ಟು ಸೋಪಿನ ಪೊಟ್ಟಣ ಹಾಳು ಮಾಡಿದ್ದೀಯೋ. ಜೈಲಿನಲ್ಲಿ ಮೈ ತೊಳೆದುಕೊಳ್ಳುವವರ ಸಂಖ್ಯೆ ನಿನ್ನಿಂದಲೇ ಹೆಚ್ಚಿರಬೇಕು ಎಂದುಕೊಂಡೆ.

ಅವಳು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ‘ಥ್ಯಾಂಕ್ಸ್ ಅಂಕಲ್’ ಅಂದಳು. ಆಗ ನೀನು ನನ್ನ ಮುಖ ನೋಡಿದೆ, ನಾನು ಗೋಡೆ ನೋಡಿದೆ. ಮಗು ಗಾಬರಿಯಲ್ಲಿ ಅಂದಿರಬೇಕು ಎಂದು ಕಾಗದದಲ್ಲಿ ಬರೆದಿದ್ದೀಯ.

ಗಾಬರಿಯಲ್ಲ ವೇಣು. ಸುಳ್ಳು ಬರೆದು ಕಳಿಸಬಹುದಿತ್ತು, ಆದರೆ ನಮ್ಮ ಮನೆಯ ಸುಳ್ಳಿಗೆ ಆಗಲೇ ಒಂದು ಕಪಾಟು ತುಂಬಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಾಗೇಪಲ್ಲಿ ಕಡೆಯ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ತೆಲುಗಿನಲ್ಲಿ ಮಾತಾಡಿಸುತ್ತಿದ್ದಳು, ಎಲ್ಲಿಗೆ ಹೋಗಿದ್ಯಮ್ಮ ಅಂತ. ಹರಿಣಿ, ‘ನಮ್ಮಪ್ಪನ್ನ ನೋಡೋಕೆ ಹೋಗಿದ್ವಿ, ಅಪ್ಪ ಸಿಗ್ಲಿಲ್ಲ’ ಅಂದಳು.

‘ಯಾಕಮ್ಮ, ಗೊಂಬೆ ಮಾಡ್ಕೊಟ್ರಲ್ಲ’ ಅಂದೆ.

‘ದೊಡ್ಡಪ್ಪ, ಅವ್ರು ಬೇರೆಯವ್ರು. ನಮ್ಮಪ್ಪನ ಗೊಂಬೆ ವಾಲುತ್ತೆ. ಇದು ನೆಟ್ಟಗೆ ನಿಲ್ಲುತ್ತೆ. ನಮ್ಮಪ್ಪಂಗೆ ನೆಟ್ಟಗೆ ನಿಲ್ಸೋಕೆ ಬರಲ್ಲ.’ ಆಮೇಲೆ ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಸಮಾಧಾನ ಹೇಳುವ ಹಾಗೆ, ‘ಕಾರ್ಖಾನೇಲಿ ಸುಮಾರು ಜನ ಇರ್ತಾರಲ್ವಾ, ಅಪ್ಪಂಗೆ ಅವತ್ತು ರಜಾ ಇರ್ಬೇಕು’ ಅಂದಳು.

ಮನೆಗೆ ಬಂದು ನಿಜ ಹೇಳಿದೆ. ಗೊಂಬೆ ಮಾಡುತ್ತಿದ್ದವನು ನಾನು ಕಣಮ್ಮ, ನಿಮ್ಮಪ್ಪ ಅವರೇ ಎಂದೆ. ನಕ್ಕಳು. ‘ಹೋಗಿ ದೊಡ್ಡಪ್ಪ, ನೀವು ಛತ್ರದ ಮ್ಯಾನೇಜರಲ್ವಾ.’ ಅವಳ ಮುಂದೆಯೇ ಕೂತು ಒಂದು ಮಾಡಿ ತೋರಿಸಿದೆ. ವಾಲಿತು. ಕೈಯಲ್ಲಿ ಹಿಡಿದು ನೋಡಿ ಕೇಳಿದಳು: ‘ನೀವೂ ಅಪ್ಪನ ಹತ್ರಾನೇ ಕಲ್ತ್ರಾ?’ ಅಮ್ಮ ಅಡುಗೆಮನೆಗೆ ಎದ್ದು ಹೋದಳು. ತುಂಬ ಹೊತ್ತು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು, ತೊಳೆಯುವುದಕ್ಕೆ ಪಾತ್ರೆ ಇರಲಿಲ್ಲ.

ರೂಪಳಿಗೆ ನಾನೇನೂ ಹೇಳಲಿಲ್ಲ, ಮಗುವೇ ಹೇಳಿತು. ರೂಪ ಬೈಯಲಿಲ್ಲ, ಅಳಲಿಲ್ಲ. ಮೊದಲು ಹೇಳಿದ್ದನ್ನು ಮತ್ತೆ ಕೇಳಬೇಕಾದ ಕಷ್ಟವನ್ನೂ ನನಗೆ ಕೊಡದೆ, ‘ಕಾಫಿ ಕುಡಿದು ಹೊರಡಿ ಬಾವ, ರೈಲು ತಪ್ಪಿಹೋಗುತ್ತೆ’ ಅಂದಳು.

ನಿನ್ನ ರಾಜನನ್ನು ಹರಿಣಿ ಬಸ್ಸಿನ ಸೀಟಿನ ಮೇಲೆಯೇ ಬಿಟ್ಟು ಇಳಿದಿದ್ದಳು. ನಾನು ಎತ್ತಿಕೊಂಡು ಬಂದೆ. ಛತ್ರದಲ್ಲಿ ನನ್ನ ಮೇಜಿನ ಮೇಲೆ ಇದ್ದಾನೆ. ಫ್ಯಾನು ಜೋರಾಗಿ ತಿರುಗಿದರೂ ಬೀಳುವುದಿಲ್ಲ. ಅವನ ಬೆನ್ನಿಗೆ ಎರಡು ಸಾಲು ಬರೆಯೋಣ ಎಂದು ಪೆನ್ನು ಹಿಡಿದು ಕೂತೆ. ‘ಇಸ್ಪೀಟ್ ರಾಜ ನಿಂತಾನೆ’ ಎಂಬಲ್ಲಿಗೆ ಬಂತು. ಮುಂದಕ್ಕೆ ಪ್ರಾಸ ಬೇಕಾದಷ್ಟು ಸಿಗುತ್ತದೆ, ಬರೆಯುವಂಥದ್ದು ಒಂದೂ ಸಿಗಲಿಲ್ಲ.

ನೀನು ಊಟ ಬಿಡಬೇಡ. ಬೆನ್ನು ನೋವಿಗೆ ಅಮ್ಮ ಹೇಳಿದ ಎಣ್ಣೆಯನ್ನು ಒಳಗೆ ಬಿಡುತ್ತಾರಾ ಎಂದು ಮುನಿನಾರಾಯಣಪ್ಪನನ್ನು ಕೇಳುತ್ತೇನೆ. ನಿನ್ನ ಕೈ ಒಳ್ಳೆಯ ಕೈ ಎಂದು ಅಮ್ಮನಿಗೆ ಹೇಳಿದೆ. ‘ಅದೇ ಕೈ ಅಲ್ವೇನಪ್ಪ’ ಅಂದಳು, ಆಮೇಲೆ ದೇವರ ಮುಂದೆ ನಿನ್ನ ಹೆಸರು ಹೇಳಿ ದೀಪ ಹಚ್ಚಿದಳು. ಇಬ್ಬರ ಆಶೀರ್ವಾದವೂ ನಿನ್ನ ಮೇಲಿರಲಿ.

ನಿನ್ನ ಅಣ್ಣ
ಅಂಬರೀಶ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಕೋರ್ಟಿನಿಂದ ನಿನಗೊಂದು ನೋಟೀಸು ಬರುತ್ತದೆ, ರೂಪ ವಿಚ್ಛೇದನ ಕೇಳಿದ್ದಾಳೆ. ಸಹಿ ಹಾಕಿಬಿಡು. ಚಿಂತಾಮಣಿಯ ತರಕಾರಿ ಮಂಡಿಯ ರಮೇಶ್‌ಬಾಬು ಎಂಬುವವನ ಜೊತೆ ಅವಳ ಮದುವೆಯ ಮಾತಾಗಿದೆ. ಹೆಂಡತಿ ತೀರಿಕೊಂಡಿದ್ದಾಳೆ, ಒಳ್ಳೆಯವನು. ಕೆಟ್ಟವನಾಗಿದ್ದರೆ ನಿನಗೆ ಬರೆಯುವುದು ಸುಲಭವಾಗುತ್ತಿತ್ತು. ಹೋದ ವಾರ ಛತ್ರಕ್ಕೆ ಬಂದಿದ್ದ. ಛತ್ರ ಬುಕ್ ಮಾಡಲು ಬಂದಿರಬೇಕು ಎಂದುಕೊಂಡೆ. ನಿಂತೇ ಇದ್ದ. ‘ಅಣ್ಣಾ, ಪಾಪು ಒಂದೇ ಕೇಳ್ತದೆ, ನಿಮ್ಗೆ ಗೊಂಬೆ ಮಾಡೋಕೆ ಬರ್ತದಾ ಅಂತ. ನೀವು ಹೇಳ್ಕೊಟ್ರೆ ಕಲ್ತ್ಕೋತೀನಿ’ ಅಂದ. ಟೊಮೆಟೊ ಕ್ರೇಟು ಎತ್ತಿ ಎತ್ತಿ ಮರಗಟ್ಟಿದ ಬೆರಳು. ಕತ್ತರಿ ಕೊಟ್ಟೆ. ಎರಡು ಕಾಲನ್ನೂ ಪಕ್ಕಪಕ್ಕ ಹಿಡಿದು ಸಮ ಮಾಡಿಕೋ ಎಂದು ನಿನಗೆ ಬರೆದ ಹಾಗೆಯೇ ಅವನಿಗೂ ಹೇಳಿದೆ. ಅವನಿಗೆ ಆಗಲಿಲ್ಲ. ಹೇಗೆ ಬಂತೋ ಆ ಗೊಂಬೆಯನ್ನೇ ಪೇಪರಿನಲ್ಲಿ ಸುತ್ತಿ ತೊಂಡೇಬಾವಿಗೆ ತೆಗೆದುಕೊಂಡು ಹೋದ. ಕಪಾಟಿನ ಮೇಲೆ ಇಟ್ಟನಂತೆ, ಗೊಂಬೆ ಎಡಕ್ಕೆ ವಾಲಿತಂತೆ. ಹರಿಣಿ ನೋಡುತ್ತಾ ನಿಂತಿದ್ದು, ಓಡಿ ಹೋಗಿ ಅವನನ್ನು ತಬ್ಬಿಕೊಂಡಳಂತೆ.