ಬದುಕಿರುವಾಗಲೇ ಒಂದು ಟ್ರಯಲ್

ಹಾಸ್ಟೆಲ್,
ಬುಧವಾರ

ಪ್ರೀತಿಯ ದೊಡ್ಡಮ್ಮ,

ಹೇಗಿದ್ದೀಯ ಅಂತ ಕೇಳಲ್ಲ. ಕೇಳಿದರೆ ನೀನು ಫಸ್ಟ್ ಕ್ಲಾಸ್ ಅಂತೀಯ, ಅಮ್ಮ ಫೋನಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ. ನಾನು ಯಾರನ್ನು ನಂಬಲಿ?

ಈ ಕೆಲಸ ನನ್ನ ತಲೆಗೇ ಯಾಕೆ ಕಟ್ಟಿದೆ, ಹೇಳು. ಔಷಧಿಯಿಂದ ಇನ್ನೇನೂ ಆಗಲ್ಲ ಅಂತ ಡಾಕ್ಟರು ಹೇಳಿದ ದಿನವೇ ನೀನು ನನಗೆ ಫೋನ್ ಮಾಡಿ, ಸತ್ತ ಮೇಲೆ ಎಲ್ಲರೂ ಸೇರಿ ನೆನಪು ಮಾಡಿಕೊಂಡರೆ ನನಗೇನು ಲಾಭ, ಈಗಲೇ ಸೇರಿಸು, ನಾನೂ ಕೂತು ಕೇಳುತ್ತೇನೆ ಅಂದೆ. ಟ್ರಯಲ್ ನೋಡದೆ ಬಟ್ಟೆ ಕೊಟ್ಟು ಕಳಿಸುವ ಟೈಲರ್ ನಾನಲ್ಲ ಅಂತ ನಕ್ಕೆ. ನನಗೆ ನಗು ಬರಲಿಲ್ಲ. ಆದರೂ ಹೂಂ ಅಂದುಬಿಟ್ಟೆ. ಕ್ಲಾಸಿನಲ್ಲಿ ಪ್ರೆಸೆಂಟೇಶನ್ ಅಂದರೆ ಕೊನೇ ಬೆಂಚಿಗೆ ಓಡುವವಳು ನಾನು!

ನಿನ್ನ ಷರತ್ತು ಕೇಳಿ ಎಲ್ಲರಿಗೂ ತಲೆ ಕೆಟ್ಟಿದೆ. ನೀನು ಹೊಲಿದ ಬಟ್ಟೆ ಹಾಕಿಕೊಂಡು ಬರಬೇಕು, ಅದು ಎಲ್ಲಿ ಸರಿಯಾಗಲಿಲ್ಲ ಅಂತ ಎದ್ದು ನಿಂತು ಹೇಳಬೇಕು, ಹೊಗಳುವಂತಿಲ್ಲ. ಮಾವ ಅಂತೂ ಕೆಂಡ. ಬದುಕಿರುವವರಿಗೆ ಯಾರಾದರೂ ಹೀಗೆ ಮಾಡುತ್ತಾರಾ, ಇದೆಲ್ಲ ನಿನ್ನ ಕಾಲೇಜಿನ ಐಡಿಯಾನಾ ಅಂತ ನನ್ನ ಮೇಲೆ ಹಾರಿದರು. ಕಾಲೇಜಿನಲ್ಲಿ ಲೈಬ್ರರಿ ಎಲ್ಲಿದೆ ಅಂತಲೇ ನನಗಿನ್ನೂ ನೆಟ್ಟಗೆ ಗೊತ್ತಿಲ್ಲ. ಮಾರನೇ ದಿನ ಅವರೇ ಫೋನ್ ಮಾಡಿ, ಬರ್ತ್‌ಡೇ ಅಂತ ಮಾಡೋಣ, ಹಾಲ್ ಬುಕ್ ಮಾಡಿದ್ದೀನಿ ಅಂದರು. ದೊಡ್ಡಮ್ಮನ ಬರ್ತ್‌ಡೇ ಆಗಿ ಎಷ್ಟೋ ತಿಂಗಳಾಯಿತಲ್ಲ ಅಂದೆ. ಕೇಕಿಗೇನು ಗೊತ್ತಾಗುತ್ತೆ ಅಂದರು. ಬ್ಯಾನರಿನಲ್ಲಿ ನೂರು ಕಾಲ ಬಾಳಿ ಅಂತ ಬರೆಸುತ್ತಾರಂತೆ. ಫೋನ್ ಎತ್ತಿ ಬಿಸಾಡಬೇಕು ಅನ್ನಿಸಿತು.

ಅಮ್ಮನದು ಇನ್ನೊಂದು ರಾಗ. ಮೊದಲು ಅಕ್ಕ ಹುಷಾರಾಗಲಿ, ಆಮೇಲೆ ಮಾಡಿದರಾಯಿತು. ಆಮೇಲೆ ಅಂದರೆ ಯಾವಾಗಮ್ಮ ಅಂದೆ. ಕುಕ್ಕರ್ ಕೂಗುತ್ತಿದೆ ಅಂತ ಇಟ್ಟುಬಿಟ್ಟಳು. ನನಗಂತೂ ಯಾವ ಕೂಗೂ ಕೇಳಿಸಲಿಲ್ಲ. ಎಲ್ಲರಿಗೂ ನೀನು ಬೇಕು, ನೀನು ಹೇಳಿದ್ದು ಮಾತ್ರ ಬೇಡ.

ನೆಟ್ಟಗೆ ಮಾತಾಡಿದ್ದು ನಿನ್ನ ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುವ ಅಕ್ಕ ಒಬ್ಬಳೇ. ನೀನು ಹೊಲಿದುಕೊಟ್ಟ ಕೋಟು ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದಂತೆ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ, ಈಗ ಎಲ್ಲರೆದುರೇ ಹೇಳಿಬಿಡುತ್ತೇನೆ ಅಂತ ಕಿಲಕಿಲ ನಕ್ಕಳು. ಆಮೇಲೆ ಅತ್ತಳು. ಅಳಬೇಡ ಅನ್ನಲಿಲ್ಲ ನಾನು, ನನಗೂ ಕಂಪನಿ ಬೇಕಿತ್ತು.

ಹಾಗಾಗಿ ಡಿಸೈಡ್ ಮಾಡಿದ್ದೇನೆ. ಹಾಲ್ ಬೇಡ. ಈ ಭಾನುವಾರ, ನಿನ್ನ ಅಂಗಡಿಯಲ್ಲೇ. ಬಟ್ಟೆ ಕತ್ತರಿಸುವ ಮೇಜು ಮೂಲೆಗೆ ಸರಿಸಿ, ದೊಡ್ಡ ಕನ್ನಡಿಯ ಪಕ್ಕ ನಿನ್ನನ್ನು ಕೂರಿಸುತ್ತೇವೆ. ಮಾವನಿಗೂ ಹೇಳಿದೆ: ಕೇಕ್ ಬೇಕಾದರೆ ತನ್ನಿ, ಬ್ಯಾನರ್ ತಂದರೆ ದೊಡ್ಡಮ್ಮನ ಕತ್ತರಿ ನನ್ನ ಕೈಗೆ ಬರುತ್ತೆ ಅಂತ. ಹಾಗೆ ಅಂದವಳು ನಾನೇನಾ ಅಂತ ನನಗೇ ನಂಬಿಕೆಯಿಲ್ಲ. ಅದಕ್ಕೆ ಮಾವ, ತಮ್ಮ ಮದುವೆಗೆ ನೀನು ಹೊಲಿದುಕೊಟ್ಟ ಪ್ಯಾಂಟು ಈಗ ಸೊಂಟಕ್ಕೆ ಏರಲ್ಲ, ಕೈಯಲ್ಲಿ ಹಿಡಿದುಕೊಂಡು ಬಂದರೆ ನಡೆಯುತ್ತಾ ಅಂದರು. ನಡೆಯುತ್ತೆ ತಾನೆ?

ಅಮ್ಮನಿಗೆ ನೀನೇ ಒಂದು ಮಾತು ಹೇಳು. ನಾನು ಹೇಳಿದರೆ ಗೋಡೆಗೆ ಹೇಳಿದ ಹಾಗೆ.

ಈ ತಲೆಬಿಸಿಯೆಲ್ಲ ನಿನ್ನಿಂದಲೇ ಅನ್ನುವ,
ನಿನ್ನ ಪುಟ್ಟಿ

ತಾ.ಕ.: ನನ್ನ ದೂರು ಎಲ್ಲರೆದುರು ಹೇಳಲು ನನ್ನಿಂದಾಗದು, ಇಲ್ಲೇ ಬರೆಯುತ್ತೇನೆ. ಸ್ಕೂಲಿನ ಹಾಸ್ಟೆಲಿಗೆ ನೀನು ಕಳಿಸುತ್ತಿದ್ದ ಪ್ರತಿ ಯೂನಿಫಾರ್ಮಿನಲ್ಲೂ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಿದ್ದೆ. ಬೆಳೆದ ಹಾಗೆಲ್ಲ ರಜೆಗೆ ಬಾ, ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಡುತ್ತೇನೆ ಅನ್ನುತ್ತಿದ್ದೆ. ಮೊನ್ನೆ ನೀನು ಕಳಿಸಿದ ಡ್ರೆಸ್ಸನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಮುಂದೆ ಬಿಚ್ಚಿಕೊಡಲು ಒಂದು ಬೆರಳಷ್ಟೂ ಬಿಟ್ಟಿಲ್ಲ. ಮೈಗೆ ಸರಿಯಾಗಿ ಕೂತಿದೆ. ಅದೇ ನನ್ನ ದೂರು.